ಬಚ್ಚಲ ಪೈಪಿನೊಳಗಿನ ಕಂಬಳಿ ತುಂಡು

ಮಂಗಳವಾರ ಬೆಳಗ್ಗೆ ಹತ್ತೂವರೆಗೆ ತಾಳ್ಯದ ಮೋಹನ್‌ಕುಮಾರ್ ಹೊಳಲ್ಕೆರೆ ಠಾಣೆಗೆ ಬಂದು, ಇನ್‌ಸ್ಪೆಕ್ಟರ್ ಉಷಾರಾಣಿಯವರ ಮೇಜಿನ ಮೇಲೆ ಪ್ಲಾಸ್ಟಿಕ್ ಕವರೊಂದನ್ನು ಇಟ್ಟ. ಒಳಗೆ ಮುಷ್ಟಿ ಗಾತ್ರದ ಕರ್ರಗಿನ ಒದ್ದೆ ಗಂಟೊಂದಿತ್ತು. ವಾಸನೆ ತಡೆಯದೆ ಕಾನ್‌ಸ್ಟೇಬಲ್ ತಿಮ್ಮೇಶ್ ಎದ್ದು ಕಿಟಕಿ ತೆರೆದ.

ಮೋಹನ್‌ಕುಮಾರನ ತಾಯಿ ದಾಕ್ಷಾಯಣಮ್ಮ ಶನಿವಾರ ಬೆಳಗ್ಗೆ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ತೀರಿಕೊಂಡಿದ್ದರು. ಅಂದೇ ಅಸಹಜ ಸಾವು ಎಂದು ದಾಖಲಾಗಿತ್ತು. ಮರಣೋತ್ತರ ಪರೀಕ್ಷೆಯ ವರದಿ ತಲೆಗೆ ಪೆಟ್ಟು ಎಂದಷ್ಟೇ ಹೇಳಿತ್ತು. ಬಚ್ಚಲಲ್ಲಿ ಜಾರುವ ಮುದುಕರಿಗೆ ಯಾವ ತಾಲ್ಲೂಕಿನಲ್ಲೂ ಬರವಿಲ್ಲ. ಆ ಕಡತವನ್ನು ಇನ್ನೇನು ಮುಚ್ಚುವುದರಲ್ಲಿದ್ದರು. ತಾಯಿಯನ್ನು ಮಣ್ಣು ಮಾಡಿದ ಮೇಲೆ ಮೋಹನ್‌ಕುಮಾರ್ ಪೈಪ್ ಕೆಲಸದವನನ್ನು ಕರೆಸಿ, ಕಟ್ಟಿಕೊಂಡಿದ್ದ ಬಚ್ಚಲ ಪೈಪು ಬಿಡಿಸಿದ್ದ. ಆಗ ಈ ಗಂಟು ಹೊರಗೆ ಬಂದಿತ್ತು.

"ಇದು ತಾನಾಗೇ ಹೋಗಿದ್ದಲ್ಲ ಮೇಡಂ. ಯಾರೋ ತುರುಕವ್ರೆ."

"ಯಾರ ಮೇಲೆ ಅನುಮಾನ?"

"ಹಿತ್ಲ ಕಡೆ ಮನೆ ಮಾರಣ್ಣ. ನಮ್ ಬಚ್ಚಲ ನೀರು ಅವರ ಹಿತ್ಲಿಗೆ ಹೋಗ್ತೈತೆ ಅಂತ ಜಗಳ ಆಗಿತ್ತು."

ಇನ್ನೊಂದು ಮಾತನ್ನೂ ಆತ ಹೇಳಿದ. ತಾಯಿ ಆ ಹೊಸ ಬಚ್ಚಲಿಗೆ ಕಾಲೇ ಇಡುತ್ತಿರಲಿಲ್ಲ. ಕಕ್ಕಸು ಇರುವ ಕೋಣೆಯಲ್ಲಿ ಮಿಂದು ಲಿಂಗಪೂಜೆಗೆ ಕೂರುವುದಿಲ್ಲ ಎಂದು ಹಠ ಹಿಡಿದು, ಹಿಂದಿನ ಹಳೆಯ ಹಂಡೆ ಬಚ್ಚಲಲ್ಲೇ ಸ್ನಾನ ಮಾಡುತ್ತಿದ್ದರು. ಹಾಗಿದ್ದವರು ಶನಿವಾರ ಅಲ್ಲಿಗೆ ಯಾಕೆ ಹೋದರು? ಉಷಾರಾಣಿಯವರಿಗೆ ಗಂಟಿಗಿಂತ ಈ ಪ್ರಶ್ನೆಯೇ ದೊಡ್ಡದಾಗಿ ಕಂಡಿತು. ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಿಸಿ, ಮಧ್ಯಾಹ್ನಕ್ಕೆ ಜೀಪು ತಾಳ್ಯದ ದಾರಿ ಹಿಡಿಯಿತು.

ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಹೊಸ ಬಚ್ಚಲಿಗೆ ನುಣುಪಾದ ಟೈಲ್ಸ್ ಹಾಕಿಸಿದ್ದರು. ನೀರಿನ ಪೈಪು ಗೋಡೆ ತೂರಿ ಮಾರಣ್ಣನ ಹಿತ್ತಲಿಗೆ ಬಾಯಿ ತೆರೆದಿತ್ತು. ಗಂಟು ಸಿಕ್ಕಿದ್ದು ಆ ಹೊರಬಾಯಿಯಿಂದ ಒಂದು ಮೊಳ ಒಳಗೆ. ಹೊರಗಿನಿಂದಲೇ ಕೋಲಿನಲ್ಲಿ ನೂಕಿದ್ದರು. ಉಷಾರಾಣಿ ಗಂಟನ್ನು ತೊಳೆಸಿ ಬಿಡಿಸಿದರು. ಅದು ಕಂಬಳಿ ತುಂಡು, ಅದೂ ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡಿದ್ದು. ಅಂಥ ಕಂಬಳಿಯೊಳಗೆ ಮಳೆ ನೀರೇ ಇಳಿಯುವುದಿಲ್ಲ, ಬಚ್ಚಲ ನೀರು ಎಲ್ಲಿ ಇಳಿದೀತು.

ದಾಕ್ಷಾಯಣಮ್ಮನ ಪಕ್ಕದಲ್ಲಿ ಬಿದ್ದಿದ್ದ ಉದ್ದನೆಯ ಪ್ಲಾಸ್ಟಿಕ್ ಪೈಪು ಇನ್ನೂ ಅಲ್ಲೇ ಗೋಡೆಗೆ ಒರಗಿತ್ತು. ಮನೆ ಕಟ್ಟಿದಾಗ ಮಿಕ್ಕಿದ್ದಿರಬೇಕು ಎಂದ ಮಗ. ಪೈಪಿನ ಮೈಮೇಲೆ ಅಂಗಡಿಯ ಹೊಳಪು ಹೋಗಿರಲಿಲ್ಲ. ಹಳೆಯ ಬಚ್ಚಲಲ್ಲಿ ಹಂಡೆಯ ಹಿಂದೆ ನೀರು ತಿರುಗಿಸುವ ಬಾಗಿದ ಪೈಪ್ ತುಂಡು, ಎಲ್ಬೋ, ಇನ್ನೂ ಅಂಗಡಿಯ ಕವರಿನಲ್ಲೇ ಇತ್ತು. ಎರಡನ್ನೂ ಜಪ್ತಿ ಮಾಡಿದರು.

ಸೊಸೆ ಸುಷ್ಮಿತಾಳ ಹೇಳಿಕೆಯನ್ನು ಬೇರೆಯಾಗಿ ಪಡೆದರು. ಶುಕ್ರವಾರ ಸಂಜೆಯೇ ಬಚ್ಚಲಲ್ಲಿ ನೀರು ನಿಂತಿತ್ತು. ಗಂಡ ಕೆಲಸದ ಮೇಲೆ ಚಿತ್ರದುರ್ಗಕ್ಕೆ ಹೋಗಿದ್ದ, ಮರುದಿನ ಬರುವವನಿದ್ದ. ಅವನಿಗೆ ಫೋನ್ ಮಾಡಲು ಹೋದರೆ ಅತ್ತೆ ತಡೆದರಂತೆ.

"ಏನಂದ್ರು?"

"ಮೋಹನಂಗೆ ಹೇಳ್ಬ್ಯಾಡ, ಅವ್ನು ಬರೋದ್ರೊಳಗೆ ನಾನೇ ತೆಗಿತೀನಿ ಅಂದ್ರು. ಬೆಳಗ್ಗೆ ನಾನು ಏಳೋ ಹೊತ್ಗೆ ಬಿದ್ದಿದ್ರು, ಆ ಪೈಪಿಂದ ಚುಚ್ಚಿ ತೆಗಿಯಕ್ಕೆ ಹೋಗಿದ್ರೇನೋ."

ಮುದುಕಿಗೆ ಗೊತ್ತಿತ್ತು. ಯಾರು ತುರುಕಿದರು, ಯಾಕೆ ತುರುಕಿದರು ಎರಡೂ ಗೊತ್ತಿತ್ತು ಎಂದು ಉಷಾರಾಣಿಯವರಿಗೆ ಆಗಲೇ ಅನಿಸಿತು. ಆದರೆ ಅನಿಸಿದ್ದನ್ನು ಕೇಸ್ ಡೈರಿಗೆ ಬರೆಯಲು ಬರುವುದಿಲ್ಲ.

ಮಾರಣ್ಣ ಮನೆಯಲ್ಲಿರಲಿಲ್ಲ. ಬುಧವಾರ ಹಿರಿಯೂರಿನ ಕಡೆ ಒಂದು ಹೊಲದಲ್ಲಿ ಸಿಕ್ಕಿದ. ಗೊಬ್ಬರಕ್ಕೆಂದು ಅಲ್ಲಿ ಅವನ ಕುರಿ ಮಂದೆ ಹಾಕಿಸಿದ್ದರು. ಎರಡು ವಾರದಿಂದ ಆತ ಅಲ್ಲಿಂದ ಕದಲಿಲ್ಲ ಎಂದು ಹೊಲದವರು ಹೇಳಿಕೆ ಕೊಟ್ಟರು. ತಿಮ್ಮೇಶ್ ಕಂಬಳಿ ತುಂಡನ್ನು ತೋರಿಸಿದ. ಮಾರಣ್ಣ ಅದನ್ನು ಬೆರಳಲ್ಲಿ ಹೊಸಕಿ ನೋಡಿದ, ಮತ್ತೆ ಕುರಿಗಳ ಕಡೆ ನೋಡಿದ.

"ನನ್ ಕಂಬ್ಳಿ ನನ್ ಹೆಗಲ ಮ್ಯಾಲೈತೆ ಸಾರ್," ಎಂದ. "ಮನೇಲಿ ಇನ್ನೊಂದೈತೆ."

ಅಷ್ಟು ಹೇಳಿ ಕುರಿಗಳ ನಡುವೆ ಹೊರಟುಹೋದ. ಮನೆಯಲ್ಲಿ ಉಳಿದಿದ್ದವಳು ಅವನ ಹೆಂಡತಿ ಬರಗೇರಮ್ಮ ಒಬ್ಬಳೇ.

ಗುರುವಾರ ಬೆಳಗ್ಗೆ ತಾಳ್ಯಕ್ಕೆ ಹೋದಾಗ ಉಷಾರಾಣಿ ಮೊದಲು ಮುರುಗೇಶಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಇಳಿದರು. ಪೈಪೂ ಎಲ್ಬೋನೂ ತನ್ನವೇ ಎಂದು ಆತ ಗುರುತಿಸಿದ. ದಾಕ್ಷಾಯಣಮ್ಮ ಹಿಂದಿನ ವಾರ ಖುದ್ದು ಬಂದು ಒಯ್ದಿದ್ದರು. ಹಿತ್ತಲಿಗೆ ಹೋಗುವ ನೀರನ್ನು ಬೀದಿಯ ಮೋರಿಗೆ ತಿರುಗಿಸಬೇಕು, ಬರುವ ಸೋಮವಾರ ಮಗ ಕೆಲಸಕ್ಕೆ ಹೋದ ಮೇಲೆ ಬಂದು ಹಾಕಿಕೊಡು, ಯಾರಿಗೂ ಹೇಳಬೇಡ ಎಂದಿದ್ದರು. ಮುರುಗೇಶಪ್ಪ ಒಪ್ಪಿದ್ದ, ಯಾರಿಗೂ ಹೇಳಿರಲಿಲ್ಲ. ಉಷಾರಾಣಿ ಆತನ ಹೇಳಿಕೆ ಬರೆಸಿಕೊಂಡು ಮಾರಣ್ಣನ ಮನೆಗೆ ನಡೆದರು.

ಬರಗೇರಮ್ಮನ ಮನೆಯಲ್ಲಿ ತೂಗುಹಾಕಿದ ಬಿದಿರು ಗಳದ ಮೇಲೆ ಹಳೆಯ ಕಂಬಳಿ ಮಡಿಸಿಟ್ಟಿತ್ತು. ತಿಮ್ಮೇಶ್ ಬಿಡಿಸಿದ. ಒಂದು ಮೂಲೆ ಇರಲಿಲ್ಲ.

"ಬರಗೇರಮ್ಮ, ಕುಂತ್ಕಳ್ರಿ. ಇದನ್ನ ಕತ್ತರಿಸಿದ್ದು ಯಾರು?"

"ನಾನೇ."

"ಪೈಪಿಗೆ ತುರುಕಿದ್ದು?"

"ನಾನೇ. ಶುಕ್ರವಾರ, ಬಟ್ಟೆ ಒಗೆದು ಬಂದ ಮ್ಯಾಲೆ."

"ಯಾಕೆ?"

ಆಕೆ ಎದ್ದು ಹಿತ್ತಲಿಗೆ ನಡೆದಳು. ಪೈಪಿನ ಬಾಯಿಂದ ನಾಲ್ಕು ಹೆಜ್ಜೆಯಾಚೆ, ನುಗ್ಗೆ ಮರದ ಬುಡದಲ್ಲಿ ಸೋಪಿನ ನೊರೆ ಕಟ್ಟಿದ ಕೆಸರಿತ್ತು. ಕೆಸರಿನಲ್ಲಿ ಮೂರು ಚಪ್ಪಟೆ ಕಲ್ಲುಗಳಿದ್ದವು.

"ನನ್ ಮಗಳ ಕೂಸು," ಎಂದಳು. "ಹೆಸ್ರಿಡಕ್ಕೆ ಮುಂಚೆ ಹೋತು. ಅಂಥವನ್ನ ನಾವು ದೂರ ಒಯ್ಯಲ್ಲ ಮೇಡಂ, ಮನೆ ಹಿಂದ್ಲೇ ಮಲಗಿಸ್ತೀವಿ."

ಹೊಸ ಬಚ್ಚಲು ಆದದ್ದು ಅದಾದ ಮೇಲೆ. ನೀರು ತಿರುಗಿಸು ಎಂದು ಮಾರಣ್ಣ ಎರಡು ಸಲ ಕೇಳಿದ್ದ, ಕಾರಣ ಹೇಳಿರಲಿಲ್ಲ. ಮಗಳಿಗೆ ಇನ್ನೂ ಎಳೆ ವಯಸ್ಸು, ಊರಿನ ಬಾಯಿಗೆ ಬೀಳುವುದು ಬೇಡ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಬರಗೇರಮ್ಮ ತಡೆಯಲಾರದೆ ಒಬ್ಬರಿಗೆ ಮಾತ್ರ ಹೇಳಿಕೊಂಡಿದ್ದಳು, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಹಾಕಿಸಿಕೊಂಡು. ಆ ಒಬ್ಬರು ದಾಕ್ಷಾಯಣಮ್ಮ.

"ಅಕ್ಕ ಹೊಸಾ ಬಚ್ಚಲಿಗೆ ಹೋಗಲ್ಲ ಅಂತ ಗೊತ್ತಿತ್ತು. ಅದ್ಕೇ ಧೈರ್ಯ ಮಾಡ್ದೆ. ನಿಂತ ನೀರು ಅವ್ರ ಮಗನ ಕಾಲಿಗೆ ತಾಗ್ಲಿ, ಆವಾಗಾದ್ರೂ ತಿರುಗಿಸ್ತಾನೆ ಅಂದ್ಕಂಡೆ." ಕಲ್ಲುಗಳ ಮೇಲಿನ ನೊರೆ ಒರೆಸುತ್ತ ಕೇಳಿದಳು, "ಅಕ್ಕ ಯಾಕೆ ಹೋದ್ರು ಮೇಡಂ?"

ಹೇಳದಿದ್ದರೆ ನಡೆಯುತ್ತಿತ್ತು. ಮುಂದೊಂದು ದಿನ ಕೋರ್ಟಿನಲ್ಲಿ ಮುರುಗೇಶಪ್ಪನ ಬಾಯಿಂದ ಕೇಳುವುದಕ್ಕಿಂತ ಈಗಲೇ ಕೇಳಲಿ ಎಂದು ಉಷಾರಾಣಿ ಹೇಳಿದರು. ಪೈಪು, ಎಲ್ಬೋ, ಸೋಮವಾರ ಎಲ್ಲವನ್ನೂ ಹೇಳಿದರು. ಬರಗೇರಮ್ಮ ಅಳಲಿಲ್ಲ. ಎಮ್ಮೆಗೆ ಹುಲ್ಲು ಹಾಕಿ ಬರುತ್ತೇನೆ ಎಂದು ಹೋದಳು, ಹಾಕಿ ಬಂದಳು, ಜೀಪು ಹತ್ತಿದಳು.

ಹನ್ನೆರಡು ಗಂಟೆಗೆ ದಸ್ತಗಿರಿ ಎಂದು ನಮೂದಾಯಿತು. ಕೂಸಿನ ವಿಚಾರ ಬರೆಯಬೇಡಿ, ಯಾರಿಗೂ ಹೇಳಬೇಡಿ ಎಂದು ಆಕೆ ಕೇಳಿಕೊಂಡಳು. ಉಷಾರಾಣಿ ಮಾತು ಕೊಟ್ಟರು. ಕಾರಣದ ಜಾಗದಲ್ಲಿ 'ಬಚ್ಚಲ ನೀರಿನ ವಿಚಾರದಲ್ಲಿ ವೈಮನಸ್ಯ' ಎಂದು ಬರೆಸಿದರು. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಜಾಮೀನು ಸಿಗುವ ಕಲಂ ಆದ್ದರಿಂದ ಸಂಜೆಗೆ ಮಾರಣ್ಣ ಜಾಮೀನುದಾರನೊಬ್ಬನನ್ನು ಕರೆತಂದು, ಹೆಂಡತಿಯನ್ನು ಬಸ್ಸಿಗೆ ಕರೆದುಕೊಂಡು ಹೋದ.

ಅವರು ಹೋದ ಮೇಲೆ ಉಷಾರಾಣಿ ಮೋಹನ್‌ಕುಮಾರನಿಗೆ ಫೋನ್ ಮಾಡಿ, ಆ ನೀರನ್ನು ಮೋರಿಗೆ ತಿರುಗಿಸಿಬಿಡಿ ಎಂದರು.

"ನಮ್ಮವ್ವನ್ನ ಕೊಂದೋರ ಹಿತ್ಲಿಗೆ ನಾನ್ಯಾಕೆ ಉಪಕಾರ ಮಾಡ್ಲಿ ಮೇಡಂ? ಈಗ ನೀರು ಸಲೀಸಾಗಿ ಹೋಗ್ತೈತೆ."

ಉಷಾರಾಣಿಯವರ ನಾಲಿಗೆ ತುದಿಗೆ ಉತ್ತರ ಬಂದಿತ್ತು. ಅದು ಕೊಟ್ಟ ಮಾತಿನ ಕೆಳಗೆ ಸಿಕ್ಕಿಕೊಂಡಿತ್ತು, ದಾಕ್ಷಾಯಣಮ್ಮನಿಗೂ ಹಾಗೇ ಸಿಕ್ಕಿಕೊಂಡಿದ್ದಿರಬೇಕು. ಅವರು ಫೋನ್ ಇಟ್ಟರು. ತಿಮ್ಮೇಶ್ ಕಂಬಳಿ ತುಂಡಿಗೂ ಎಲ್ಬೋಗೂ ಚೀಟಿ ಅಂಟಿಸಿ, ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ಜಪ್ತಿ ವಸ್ತುಗಳನ್ನಿಡುವ ಮುದ್ದೆಮಾಲು ಕೋಣೆಯ ಬಾಗಿಲು ಎಳೆದುಕೊಂಡ.