ಅಂಗೈಯಗಲದ ಬೀರು

"ಮಾವ, ಬೇಡ... ದಯವಿಟ್ಟು ಬೇಡ!"

ಸೊಸೆ ಬಾಗಿಲಿನಿಂದ ಕೂಗುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಕೆಂಪಗೆ ಕಾದ ಕಬ್ಬಿಣದ ಮುದ್ರೆಯನ್ನು ಮಾವ ಗೊಂಬೆಯ ಬೀರುವಿನ ತಳಕ್ಕೆ ಒತ್ತಿಯೇಬಿಟ್ಟಿದ್ದರು. ಊಟದ ಮೇಜಿಗೆ, ಮಂಚಕ್ಕೆ ಒತ್ತಲೆಂದು ಮಾಡಿಸಿದ ಅಂಗಡಿಯ ಮುದ್ರೆ ಅದು. ಗೊಂಬೆಯ ಕುರ್ಚಿಯ ಅಡಿಯಲ್ಲಿ ಅರ್ಧವೂ ಹಿಡಿಸಿರಲಿಲ್ಲ. ಆದರೂ ಹದಿನಾಲ್ಕು ಸಾಮಾನಿಗೂ ಒಂದನ್ನೂ ಬಿಡದೆ ಒತ್ತಿ ಸಾಲಾಗಿ ಕವುಚಿ ಇಟ್ಟಿದ್ದರು ಪುಣ್ಯಾತ್ಮರು!

ಆ ಹದಿನಾಲ್ಕೂ ಅವಳು ಮಾಡಿದವು. ಮನೆಗೆ ಹೊಂದಿಕೊಂಡಿದ್ದ ಮಾವನ ಮರಗೆಲಸದ ಅಂಗಡಿಯಲ್ಲಿ ಕತ್ತರಿಸಿ ಬಿಸಾಡಿದ ಚೂರುಗಳನ್ನು ಒಲೆಗೆ ಹೋಗುವ ಮೊದಲೇ ಬುಟ್ಟಿಯಲ್ಲಿ ಆರಿಸಿ ತಂದು, ಅಡುಗೆಮನೆಯ ಕಿಟಕಿಯ ಬಳಿ ಕೂತು ಮಾಡಿದವು. ಉಳಿ, ಬೈರಿಗೆ ಹೆಂಗಸರು ಮುಟ್ಟುವಂತಿಲ್ಲ ಎನ್ನುವುದು ಆ ಮನೆಯ ಕಟ್ಟಳೆ. ಹಾಗಾಗಿ ಅವಳು ತರಕಾರಿ ಚಾಕುವಿನಲ್ಲೇ ಕೆತ್ತುತ್ತಿದ್ದಳು. ಹೊಲಿಗೆಯ ಸೂಜಿಯನ್ನು ದೀಪದಲ್ಲಿ ಕಾಯಿಸಿ ತೂತು ಕೊರೆದು, ಬೆಂಕಿಕಡ್ಡಿಯನ್ನು ಸೀಳಿ ಗೂಟ ಹಾಕುತ್ತಿದ್ದಳು. ಅವುಗಳಲ್ಲಿ ಹುಡುಕಿದರೂ ಒಂದು ಮೊಳೆ ಸಿಗುತ್ತಿರಲಿಲ್ಲ. ಸೂಜಿ ಹಿಡಿದು ಹಿಡಿದು ಬೆರಳ ತುದಿಗಳು ಸುಟ್ಟು ಕಪ್ಪಾಗಿದ್ದವು. ಮೇಜು ಮಾಡಿಸಲು ಬಂದಿದ್ದ ಮಕ್ಕಳ ಡಾಕ್ಟರಮ್ಮ ಗೊಂಬೆಯ ಮಂಚವೊಂದನ್ನು ಕಂಡು, ಆಸ್ಪತ್ರೆಯ ಮಕ್ಕಳಿಗೆ ಆಡಲು ಒಂದು ಇಡೀ ಮನೆಯ ಸಾಮಾನು ಬೇಕೆಂದಿದ್ದರು. ಇವತ್ತು ಒಯ್ಯಲು ಬರುವವರಿದ್ದರು.

"ಇದನ್ನೆಲ್ಲ ಮಾಡಿದ್ದು ನಾನು ಅಂತ ಅವರಿಗೆ ಒಂದು ಮಾತು ಹೇಳಿ ಮಾವ. ಅಷ್ಟೇ ಸಾಕು ನನಗೆ."

"ಹೇಳಬೇಕಂತೆ! ಸೌಟು ಹಿಡಿಯೋ ಕೈ ಮರಗೆಲಸ ಮಾಡ್ತು ಅಂದ್ರೆ ನನ್ನ ಅಂಗಡಿ ಮರ್ಯಾದೆ ಏನಾಗ್ಬೇಕು? ಮಾಡಿದ್ದು ನನ್ನ ಮಗ ಅಂತ ಆಗಲೇ ಹೇಳಿದ್ದೀನಿ. ನೀನು ಬಾಯಿ ಮುಚ್ಕೊಂಡು ಟೀಗಿಡು, ಹೋಗು."

ಅವಳು ಅಲ್ಲೇ ನಿಂತಿದ್ದ ಗಂಡನ ಮುಖ ನೋಡಿದಳು. ಸುಟ್ಟ ಬೆರಳಿಗೆ ಮುಲಾಮು ಹಚ್ಚಿದವನು ಇವನೇ! ಬೀರುವಿನ ಬಾಗಿಲನ್ನು ಹತ್ತು ಸಲ ತೆಗೆದು ಮುಚ್ಚಿ ಮಗುವಿನಂತೆ ನಕ್ಕವನೂ ಇವನೇ! ಈಗ ನೆಲ ನೋಡುತ್ತ, "ಅಪ್ಪ ಹೇಳಿದ ಮೇಲೆ ಇನ್ನೇನು..." ಎಂದು ಗೊಣಗಿದ. ಮೂಲೆಯಲ್ಲಿ ಕುರ್ಚಿಗೆ ಪಾಲಿಶ್ ಉಜ್ಜುತ್ತಿದ್ದ ಅತ್ತೆ ಎಂದಿನಂತೆ ತಲೆ ಎತ್ತಲಿಲ್ಲ.

ಡಾಕ್ಟರಮ್ಮ ಬಂದರು. ಒಂದೊಂದನ್ನೂ ಅಂಗೈ ಮೇಲಿಟ್ಟು ನೋಡಿ ಹಿಗ್ಗಿದರು. ಆದರೆ ಬೀರುವಿನ ಬಾಗಿಲು ತೆಗೆದದ್ದೇ ತಡ, ಅದು ಜೋತುಬಿತ್ತು. ಮುದ್ರೆಯ ಕಾವಿಗೆ ಬಾಗಿಲು ತಿರುಗುವ ಕೆಳಗಿನ ಗೂಟ ಸುಟ್ಟುಹೋಗಿತ್ತು.

"ಇದೊಂದು ಸರಿ ಮಾಡಿಕೊಡಿ, ಕಾಯ್ತೀನಿ. ನಿಮ್ಮ ಕೈಚಳಕ ನೋಡೋ ಆಸೆ ನನಗೂ ಇದೆ," ಎಂದು ಮಗನಿಗೆ ಹೇಳಿದರು.

ಅವನು ಬೆವರಿದ. ಇದ್ದುದರಲ್ಲಿ ಸಣ್ಣ ಮೊಳೆ ಆರಿಸಿ, ಸುತ್ತಿಗೆ ಎತ್ತಿ ಒಂದೇ ಪೆಟ್ಟು... ಬಾಗಿಲು ಎರಡು ಹೋಳಾಯಿತು!

"ಚೂರು ಮರ ನೋಡಿ, ಮರದ್ದೇ ದೋಷ," ಎಂದು ಮಾವ ಹಲ್ಲು ಕಿರಿದರು.

ಆಗ ಅತ್ತೆ ಎದ್ದರು. ಒಳಗೆ ಹೋಗಿ ಹಚ್ಚಿದ ದೀಪ, ಸೂಜಿ, ಬೆಂಕಿಪೆಟ್ಟಿಗೆ, ತರಕಾರಿ ಚಾಕು ತಂದು ಸೊಸೆಯ ಮುಂದಿಟ್ಟರು.

"ಕೂತ್ಕೋ. ಮಾಡು."

"ಏನೇ ಇದು? ತಲೆಗಿಲೆ ಕೆಟ್ಟಿದ್ಯಾ ನಿನಗೆ?" ಮಾವ ಗುಡುಗಿದರು.

"ಮೊದಲೇ ಕೆಡಬೇಕಿತ್ತು! ಮೂವತ್ತು ವರ್ಷದಿಂದ ಈ ಅಂಗಡಿ ಪಾಲಿಶ್ ಪೂರ್ತಿ ನನ್ನ ಕೈದು. ಜನ ಹೊಳಪು ನೋಡಿ ಹೊಗಳಿದಾಗೆಲ್ಲ ನೀವು ಮೀಸೆ ತಿರುವಿದ್ರಿ. ನಾನು ಸುಮ್ನಿದ್ದೆ. ನಾನು ಸುಮ್ನಿದ್ದಿದ್ದಕ್ಕೇ ಇವತ್ತು ಇವಳಿಗೆ ಈ ಗತಿ ಬಂತು...!" ಆ ಮನೆಯಲ್ಲಿ ಅತ್ತೆಯ ದನಿಯನ್ನು ಅಷ್ಟು ಎತ್ತರದಲ್ಲಿ ಯಾರೂ ಕೇಳಿರಲಿಲ್ಲ.

ಸೊಸೆ ಕೂತಳು. ಒಂದು ಚೂರು ಆರಿಸಿ ಕೆತ್ತಿದಳು, ಸೂಜಿ ಕಾಯಿಸಿ ಕೊರೆದಳು, ಕಡ್ಡಿ ಸೀಳಿ ಗೂಟ ಕೂರಿಸಿದಳು. ಹೊಸ ಬಾಗಿಲು ಸದ್ದಿಲ್ಲದೆ ತೆರೆದು ಮುಚ್ಚಿಕೊಂಡಿತು. ಡಾಕ್ಟರಮ್ಮ ಬೀರುವನ್ನು ಬಿಟ್ಟು ಅವಳ ಬೆರಳುಗಳನ್ನೇ ನೋಡುತ್ತಿದ್ದರು.

"ಎಲ್ಲಾ ನೀವೇ ಮಾಡಿದ್ದಾ?"

"ಹೌದು ಡಾಕ್ಟ್ರೇ. ಹದಿನಾಲ್ಕೂ ನಾನೇ ಮಾಡಿದ್ದು. ಆದ್ರೆ ಇವತ್ತು ಕೊಡೋಕಾಗಲ್ಲ, ವಾರ ಬಿಟ್ಟು ಬನ್ನಿ. ಈ ಮುದ್ರೆ ಅಳಿಸ್ಬೇಕು."

ಡಾಕ್ಟರಮ್ಮ ಮಾವನ ಕಡೆ ಒಮ್ಮೆ ನೋಡಿ, ಒಪ್ಪಿಕೊಂಡು ಹೋದರು. ಮಾವ ಬೆನ್ನು ತಿರುಗಿಸಿ ಕೂತರು.

ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯ ಕಿಟಕಿಯ ಬಳಿ ಸ್ಯಾಂಡ್‌ಪೇಪರ್ ಹಿಡಿದು ಕೂತು ಉಜ್ಜಿದರು. ಮುದ್ರೆ ಆಳವಾಗಿ ಇಳಿದಿತ್ತು. ತೊಟ್ಟಿಲಿನ ತಳ ತೆಳ್ಳಗಿದ್ದದ್ದು ಉಜ್ಜಿ ಉಜ್ಜಿ ತೂತಾಗಿಹೋಯಿತು. "ಹೋಗ್ಲಿ ಬಿಡಿ ಅತ್ತೆ, ಇನ್ನೊಂದು ಮಾಡ್ತೀನಿ," ಎಂದಳು ಸೊಸೆ, ಕಣ್ಣೊರೆಸಿಕೊಂಡು.

ಗಂಡ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತು ಒಂದು ಕುರ್ಚಿ ಎತ್ತಿಕೊಂಡ. ಅವಳು ಅದನ್ನು ಅವನ ಕೈಯಿಂದ ಬಿಡಿಸಿಕೊಂಡಳು.

"ಮಾಡಿದ್ದು ಯಾರು ಅಂತ ಮೊದ್ಲು ನಿಮ್ಮ ಬಾಯಲ್ಲೇ ಅಪ್ಪನಿಗೆ ಹೇಳಿ ಬನ್ನಿ. ಆಮೇಲೆ ಉಜ್ಜಿ."

ಅವನು ಎದ್ದು ಅಂಗಡಿಗೆ ಹೋದ. ಅತ್ತೆ ಸೊಸೆ ಉಜ್ಜುವುದನ್ನು ನಿಲ್ಲಿಸಿ ಕಿವಿಗೊಟ್ಟರು.

"ಅಪ್ಪಾ..." ಅಂಗಡಿಯಿಂದ ಅವನ ದನಿ ಕೇಳಿಸಿತು. "ಅದನ್ನೆಲ್ಲ ಮಾಡಿದ್ದು ಅವಳಪ್ಪಾ. ನಾನಲ್ಲ."

ಸೊಸೆ ಇನ್ನೊಂದು ಸ್ಯಾಂಡ್‌ಪೇಪರ್ ತುಂಡು ಹರಿದು ಅವನು ಕೂತಿದ್ದ ಜಾಗದಲ್ಲಿಟ್ಟಳು.