ನಾಲ್ಕು ಬೆರಳು ಕುಗ್ಗಿದ ರನ್ನರ್

"ಕುದಿಯೋ ಪಾತ್ರೆನಾ? ನನ್ನ ಟೇಬಲ್ ಮೇಲಾ?!"

ಬಡಗಿ ಎರಡೂ ಕೈ ಅಗಲಿಸಿ ಟೇಬಲ್ಲಿಗೆ ಅಡ್ಡ ನಿಂತುಬಿಟ್ಟ. ಎದುರಿಗೆ ಇದ್ದವಳು ಪಕ್ಕದ ಬೀದಿಯ ಹೊಲಿಗೆ ಅಂಗಡಿಯ ಹುಡುಗಿ. ಒಂದು ಕೈಯಲ್ಲಿ ಹಬೆಯಾಡುವ ಪಾತ್ರೆ, ಕಂಕುಳಲ್ಲಿ ಬಟ್ಟೆಯ ಗಂಟು.

ಅವನು ಬೈಯುತ್ತಲೇ ಇದ್ದ. ಅವಳಿಗೆ ಕೇಳಿಸಿದ್ದರೆ ತಾನೇ! ಅವನ ತೋಳಿನ ಆಚೆ ಆ ಟೇಬಲ್ ಕಂಡಿತ್ತು...

ಕೋಣೆಯ ಉದ್ದಕ್ಕೂ ಮಲಗಿದ ಒಂದೇ ಮರ. ಗೆರೆಗಳು ಒಂದು ತುದಿಯಲ್ಲಿ ಸುಳಿಯಾಗಿ ಹುಟ್ಟಿ, ಉದ್ದಕ್ಕೂ ಸಾಗಿ, ಇನ್ನೊಂದು ತುದಿಯಲ್ಲಿ ಮತ್ತೆ ಸುಳಿಯಾಗಿ ನಿಂತಿದ್ದವು. ಮರದೊಳಗೆ ಇಷ್ಟೆಲ್ಲ ಇರುತ್ತದಾ? ಅವಳ ಮೈ ಜುಮ್ಮೆಂದಿತು.

"ಇದನ್ನ... ನೀವೇ ಮಾಡಿದ್ದಾ?" ಎಂದಳು ಮೆಲ್ಲಗೆ.

ಬಡಗಿಯ ಕೋಪ ಅಲ್ಲೇ ಅರ್ಧ ಇಳಿಯಿತು.

ಟೇಬಲ್ ಡಾಕ್ಟರಮ್ಮನ ಮನೆಗೆ ಹೋಗುವಂಥದ್ದು. ಅದರ ನಡುವೆ ಉದ್ದಕ್ಕೂ ಹಾಸುವ ಬಟ್ಟೆಯ ಪಟ್ಟಿ, ಅಂದರೆ ರನ್ನರ್, ತಟ್ಟೆಗಳ ಕೆಳಗಿಡುವ ಮ್ಯಾಟ್‌ಗಳು ಅವಳ ಪಾಲಿಗೆ ಬಂದಿದ್ದವು. ಎರಡು ಬಟ್ಟೆಗಳ ನಡುವೆ ಏನು ತುಂಬಬೇಕು ಎಂಬುದೇ ಅವಳ ತಲೆನೋವು.

"ತಪ್ಪು ತುಂಬಿದ್ರೆ ನಿಮ್ಮ ಪಾಲಿಶ್ ಮೇಲೆ ಬಿಳಿ ಕಲೆ ಏಳತ್ತೆ. ಅದಕ್ಕೇ ಪರೀಕ್ಷೆ ಮಾಡೋಣ ಅಂತ ಬಂದೆ."

ಅವನು ಗೊಣಗುತ್ತಾ ಅದೇ ಮರದ, ಅದೇ ಪಾಲಿಶ್ ಹಚ್ಚಿದ ತುಂಡು ತಂದಿಟ್ಟ. ಅವಳು ಮೊದಲು ಪಾಲಿಯೆಸ್ಟರ್ ತುಂಬಿದ ಮ್ಯಾಟ್ ಹಾಸಿದಳು. ಉಬ್ಬಿಕೊಂಡು ನೋಡಲು ಬಲು ಚೆಂದ. ಮೇಲೆ ಲೋಟ ಇಟ್ಟರೆ ಕುಡಿದವನ ಹಾಗೆ ವಾಲಿತು!

"ಇದು ದಿಂಬಿಗೆ ಸರಿ, ಊಟಕ್ಕಲ್ಲ," ಎಂದು ನಕ್ಕ ಅವನು.

ಹತ್ತಿಯ ಒಂದೇ ಪದರ ಹಾಕಿದ್ದರಲ್ಲಿ ಲೋಟ ನೆಟ್ಟಗೆ ನಿಂತಿತು. ಆದರೆ ಪಾತ್ರೆ ಇಟ್ಟೆತ್ತಿದರೆ ಮರದ ಮೇಲೆ ಮಸುಕು ಮಸುಕಾದ ಬಿಳಿ ಉಂಗುರ. ಕೊನೆಗೆ ಹತ್ತಿಯ ಎರಡು ಪದರದ್ದು. ನೀರನ್ನು ಮತ್ತೆ ಕುದಿಸಿ ಇಟ್ಟರು. ಇಬ್ಬರೂ ಉಸಿರು ಬಿಗಿಹಿಡಿದು ಬಗ್ಗಿದರು. ಮ್ಯಾಟ್ ಎತ್ತಿದರೆ... ಮರ ಹಾಗೇ ಹೊಳೆಯುತ್ತಿತ್ತು!

"ಅಬ್ಬಾ!" ಎಂದರು ಇಬ್ಬರೂ ಒಟ್ಟಿಗೆ. ಆಗಲೇ ಗೊತ್ತಾಗಿದ್ದು, ಅವನ ಮುಖ ಎಷ್ಟು ಹತ್ತಿರ ಇದೆಯೆಂದು. ಅವಳು ಗಡಿಬಿಡಿಯಿಂದ ಹಿಂದೆ ಸರಿದಳು.

"ಒಂದು ಮಾತು..." ಅವನು ತಡವರಿಸಿದ. "ರನ್ನರ್ ಸ್ವಲ್ಪ ಗಿಡ್ಡ ಮಾಡ್ತೀರಾ? ತುದಿಯ ಸುಳಿಗಳು ಮುಚ್ಚಿಹೋಗ್ತವೆ. ಆ ಎರಡು ಸುಳಿ ಉಳಿಸ್ಕೊಳ್ಳೋಕೆ ನನಗೆ ಒಂದು ಮಳೆಗಾಲ ಪೂರ್ತಿ ಬೇಕಾಯ್ತು."

"ತುದಿಯಿಂದ ತುದಿವರೆಗೆ ಬೇಕು ಅಂದಿದ್ದಾರೆ. ಅಳತೆ ಅಂದ್ರೆ ಅಳತೆ."

"ಕಲ್ಲು ಮನಸ್ಸು ನಿಮ್ದು!"

"ನಿಮ್ದು ಮರದ ತಲೆ!"

ಹಾಗಂದು ಬಂದವಳೇನೋ ಬಂದಳು. ಆದರೆ ಮನಸ್ಸು? ಅದು ಬಡಗಿಯ ಅಂಗಡಿಯಲ್ಲೇ ಕೂತುಬಿಟ್ಟಿತ್ತು. ಕತ್ತರಿಸುವಾಗ ಅವನೇ, ಹೊಲಿಯುವಾಗ ಅವನೇ. ಛೇ, ಪಾಪ, ಎಷ್ಟು ಆಸೆಯಿಂದ ಕೇಳಿದ!

ಹೊಲಿದು ಮುಗಿಸಿ, ಚಾಕ್ ಗುರುತು ಹೋಗಲೆಂದು ಒಗೆದು ಒಣಹಾಕಿದಳು. ಸಂಜೆ ತಂತಿಯಿಂದ ತೆಗೆದು ಬಿಡಿಸಿ ನೋಡಿದಳು. ರನ್ನರ್ ಮೈಯೆಲ್ಲ ನಿರಿಗೆಗಟ್ಟಿ ಕುಗ್ಗಿಹೋಗಿತ್ತು! ಮ್ಯಾಟ್‌ಗಳೂ ಅಷ್ಟೇ.

"ಹತ್ತಿಯನ್ನ ಮೊದಲೇ ನೀರಲ್ಲಿ ಅದ್ದಿ ಒಣಗಿಸ್ಲಿಲ್ವೇನೇ?" ಅಂಗಡಿಯಲ್ಲಿ ಜೊತೆಗೆ ಹೊಲಿಯುವ ಚಿಕ್ಕಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು. "ಹೊಲಿಯೋ ಮುಂಚೆ ಅದ್ದು ಅಂತ ನನಗೆ ಪಾಠ ಹೇಳೋಳು ನೀನು! ಯಾವ ಲೋಕದಲ್ಲಿದ್ದೆ?"



ಮರುದಿನ ಡಾಕ್ಟರಮ್ಮನ ಮನೆಯಲ್ಲಿ ರನ್ನರ್ ಹಾಸಿದಳು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಬೆರಳು ಮರ ಉಳಿಯಿತು. ಅಲ್ಲೇ ಎರಡು ಸುಳಿಗಳು ಕಣ್ಣು ಬಿಟ್ಟಂತೆ ಕಂಡವು. ನಿರಿಗೆಗಳೋ, ಮರದ ಗೆರೆಗಳೇ ಮೇಲೆದ್ದು ಬಟ್ಟೆಗೆ ಹರಿದಂತಿದ್ದವು. ಅವಳೇ ಬೆರಗಾಗಿ ನಿಂತಳು. ಇದು ನನ್ನ ಕೈಯಿಂದ ಆಗಿದ್ದಾ?

ಟೇಬಲ್ ಜೋಡಿಸಲು ಬಂದಿದ್ದ ಬಡಗಿಯ ಕಣ್ಣು ತುಂಬಿತ್ತು. "ನನಗೋಸ್ಕರ... ಅಳತೆ ಬಿಟ್ಟುಕೊಟ್ರಾ?"

ಇಲ್ಲ ಎನ್ನಬೇಕಿತ್ತು. ಆ ಕಣ್ಣುಗಳನ್ನು ನೋಡಿ ರನ್ನರಿನ ಅಂಚು ಸರಿಪಡಿಸುತ್ತ ನಿಂತಳು. ಅವನು ಮೆಚ್ಚಿದ್ದು ಅವಳು ಬೇಕೆಂದು ಮಾಡದ ಕೆಲಸವನ್ನು. ನಿಜ ಹೇಳಿದರೆ ಈ ನೋಟ ಇನ್ನೆಂದೂ ಸಿಗುವುದಿಲ್ಲ...

ವಾರ ಕಳೆಯುವುದರೊಳಗೆ ಅವನು ಅಂಗಡಿಯ ಮುಂದೆ ಹಾಜರ್! ಜೊತೆಗೊಂದು ಬಟ್ಟೆ ಕತ್ತರಿಸುವ ಮೇಜು, ಅದೇ ಮರದ್ದು.

"ಉಳಿದ ಹಲಗೆಯಲ್ಲಿ ಮಾಡ್ದೆ. ನಿಮಗೆ."

ಅವಳು ಅದರ ಮೇಲೆ ಕೈ ಇಟ್ಟಳು. ರೇಷ್ಮೆಯಷ್ಟು ನುಣುಪು. ತಕ್ಷಣ ಕೈ ಹಿಂದಕ್ಕೆಳೆದುಕೊಂಡಳು.

"ಇದು ನನಗೆ ಬೇಡ. ನಾನು ಬೇಕಂತ ಗಿಡ್ಡ ಮಾಡಿದ್ದಲ್ಲ. ಹತ್ತಿ ಅದ್ದೋದನ್ನ ಮರೆತೆ, ಕುಗ್ಗಿಹೋಯ್ತು. ಡಾಕ್ಟರಮ್ಮನಿಗೆ ಇವತ್ತು ಬೆಳಿಗ್ಗೆ ಹೇಳ್ಬಿಟ್ಟೆ, ಹಾಗೇ ಇರ್ಲಿ ಅಂದ್ರು. ನಿಮಗೆ ಹೇಳೋಕೇ ಧೈರ್ಯ ಸಾಲ್ಲಿಲ್ಲ."

ಅವನ ಮುಖ ಸಪ್ಪಗಾಯಿತು. "ಅಂದ್ರೆ... ನನಗೋಸ್ಕರ ಅಲ್ಲ."

"ಅಲ್ಲ."

ಅವನು ಬಾಗಿಲ ತನಕ ಹೋಗಿ ನಿಂತ. "ಅಳತೆ ಅಂದ್ರೆ ಅಳತೆ ಅನ್ನೋರು ನೀವು. ಹೇಗೆ ಮರೆತ್ರಿ?"

ಅವಳ ಕಣ್ಣಲ್ಲಿ ನೀರು ಚಿಮ್ಮಿತು. "ತಲೆ ತುಂಬ ನೀವೇ ಇದ್ರಿ! ಇನ್ನೇನು ನೆನಪಿರತ್ತೆ?"

ಒಳಗಿನಿಂದ ಕೇಳಿಬರುತ್ತಿದ್ದ ಚಿಕ್ಕಮ್ಮನ ಮೆಷಿನ್ ಟಕ್ಕನೆ ನಿಂತಿತು!

ಅವನು ಕಣ್ಣು ಮಿಟುಕಿಸುವುದನ್ನೂ ಮರೆತು ಅವಳನ್ನೇ ನೋಡಿದ. ಬೇಕಂತಲೇ ಗಿಡ್ಡ ಮಾಡಿದ್ದರೆ ಅದು ದಯೆ. ಆದರೆ ಇವಳ ಕೈ ತಪ್ಪಿತ್ತು, ಅದೂ ತನ್ನಿಂದ... ಇಷ್ಟು ದೊಡ್ಡದನ್ನು ಅವನಿಗೆ ಇದುವರೆಗೆ ಯಾರೂ ಕೊಟ್ಟಿರಲಿಲ್ಲ.

"ಆ ಮೇಜನ್ನ ಸ್ವಲ್ಪ ಅಲ್ಲಾಡಿಸಿ ನೋಡಿ," ಎಂದ ತಗ್ಗಿದ ದನಿಯಲ್ಲಿ.

ಅಲ್ಲಾಡಿಸಿದಳು. ಟಕ್, ಟಕ್.

"ಅಯ್ಯೋ, ಒಂದು ಕಾಲು ಗಿಡ್ಡ!"

"ಸರಿ ಮಾಡೋಣ ಅಂತ ಮೂರು ಸಲ ಅಳೆದೆ. ಮೂರು ಸಲಾನೂ ತಪ್ಪಿತು." ಅವನ ಕಿವಿ ಕೆಂಪಾಗಿತ್ತು. "ನನ್ನ ತಲೆಯೊಳಗೂ ಜಾಗ ಇರ್ಲಿಲ್ಲ."

ಅಳುತ್ತಿದ್ದವಳು ಕಿಸಕ್ಕನೆ ನಕ್ಕಳು. ಹತ್ತಿಯ ಚೂರೊಂದನ್ನು ಎರಡು ಪದರ ಮಡಚಿ, ಬಗ್ಗಿ ಆ ಕಾಲಿನ ಕೆಳಗಿಟ್ಟಳು. ಮೇಜು ಅಲ್ಲಾಡದೆ ನಿಂತಿತು.

"ಮೊದಲೇ ನೀರಲ್ಲಿ ಅದ್ದಿದ್ದಾ?" ಕೇಳಿದ ಅವನು, ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು.

"ಹೂಂ. ಇನ್ನು ಕುಗ್ಗಲ್ಲ."

"ಹಾಗಾದ್ರೆ ಈ ಮೇಜು ಇಲ್ಲೇ ಇರ್ಲಾ?"

"ಇರ್ಲಿ," ಎಂದಳು. "ಜೊತೆಗೆ ನೀವೂ ಇರಿ."