ಆರ್ಲೀನ್ ಬರೆದ ಕಾರ್ಡುಗಳು

"ಕಾರ್ಡಾ? ನಾನು ಆ ಮನುಷ್ಯನಿಗೆ ಒಂದು ಕಾರ್ಡೂ ಕಳಿಸಿಲ್ಲ!"

ಕೊರಿನ್ ಫೋನಿನಲ್ಲಿ ಕೂಗಿದಳು. ಆ ಕಡೆ ಅವಳ ವಕೀಲೆ. ಹನ್ನೆರಡು ವರ್ಷಗಳ ಹಿಂದೆ, ಕಚೇರಿಯ ಬಾಗಿಲು ಮುಚ್ಚಿ ಅವಳ ಸೊಂಟಕ್ಕೆ ಕೈ ಹಾಕಿದ್ದ ಜಡ್ಜ್ ಟಾಲ್ಮೇಜ್ ಈಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಲು ಹೊರಟಿದ್ದ. ಗುರುವಾರ ವಾಷಿಂಗ್ಟನ್ನಿನಲ್ಲಿ, ಅವನ ನೇಮಕಕ್ಕೆ ಮತ ಹಾಕುವ ಸೆನೆಟರುಗಳ ಮುಂದೆ ಅವಳು ಅದನ್ನು ಹೇಳಬೇಕು. ಅಷ್ಟರಲ್ಲಿ ಅವನ ಕಡೆಯವರು ಒಂಬತ್ತು ಕ್ರಿಸ್‌ಮಸ್ ಕಾರ್ಡು ಹೊರತೆಗೆದಿದ್ದರು. ಒಂಬತ್ತರಲ್ಲೂ ಅದೇ ಒಕ್ಕಣೆ: "ಪ್ರೀತಿಯಿಂದ, ಕೊರಿನ್ ಮತ್ತು ಡೇಲ್"!

ಓವನ್ನಿನಿಂದ ಪ್ಲಮ್ ಹಣ್ಣಿನ ಕೊಲಾಚೆ ಬನ್ನು ತೆಗೆಯುತ್ತಿದ್ದ ಅತ್ತೆ ಆರ್ಲೀನ್ ತಿರುಗಿ ನೋಡಲಿಲ್ಲ.

ನೆಬ್ರಾಸ್ಕಾದ ಆ ಪುಟ್ಟ ಊರಿನಲ್ಲಿ ಆರ್ಲೀನ್‌ಳ ಕ್ರಿಸ್‌ಮಸ್ ಪಟ್ಟಿಯೆಂದರೆ ಮನೆತನದ ಮರ್ಯಾದೆ. ಇನ್ನೂರು ಹೆಸರು! ಸೊಸೆ ಒಂದು ಕಾಲಕ್ಕೆ ಜಡ್ಜ್ ಹತ್ತಿರ ಕೆಲಸಕ್ಕಿದ್ದಳೆಂಬ ಹೆಮ್ಮೆಯಲ್ಲಿ ಅವನನ್ನೂ ಅದಕ್ಕೆ ಸೇರಿಸಿದ್ದಳು. ಮಗ ಸೊಸೆಯರ ಪರವಾಗಿ ಸಹಿ ಹಾಕುವವಳೂ ಅವಳೇ.

"ಅತ್ತೆ... ಆ ಹೆಸರು ತೆಗೀರಿ ಅಂತ ಮೊದಲ್ನೇ ವರ್ಷವೇ ಬೇಡ್ಕೊಂಡಿದ್ದೆ."

"ಯಾಕೆ ಅಂತ ಹೇಳಿದ್ಯಾ? ದೊಡ್ಡವರ ನಂಟು ಯಾರಾದ್ರೂ ಕಡ್ಕೋತಾರಾ? ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೋಳು ಈಗ ಡಂಗುರ ಹೊಡೀತಿದೀಯ. ಚರ್ಚಲ್ಲಿ ನನ್ನ ಬೆಂಚಿಗೆ ಒಬ್ರೂ ಬರಲ್ಲ, ಗೊತ್ತಾ!"

"ಅಮ್ಮ, ನಾನೇ ಬರೆದದ್ದು ಅಂತ ಒಂದು ಕಾಗದ ಬರ್ಕೊಡು," ಎಂದ ಗಂಡ ಡೇಲ್.

"ಸೊಸೆ ಸಹಿ ಕದ್ದೋಳು ಅಂತ ದೇಶವೆಲ್ಲ ನಗಲಿ ಅಂತಾನಾ?"

ಮುದುಕಿಯ ತುಟಿ ಅದುರುತ್ತಿತ್ತು. ಅವಮಾನವೆಂದರೇನೆಂದು ಕೊರಿನ್‌ಗಿಂತ ಚೆನ್ನಾಗಿ ಬಲ್ಲವರು ಯಾರು? "ಬೇಡ ಬಿಡು ಡೇಲ್... ಅತ್ತೆ ಹೆಸರು ನನ್ನ ಬಾಯಿಂದ ಬರಲ್ಲ," ಎಂದಳು.

ವಿಚಾರಣೆಯ ಸಭೆಯಲ್ಲಿ ಮಗ ಒಬ್ಬನೇ ಕೂರಬಾರದೆಂದು ಹಠ ಹಿಡಿದು ಆರ್ಲೀನ್ ವಾಷಿಂಗ್ಟನ್ನಿಗೂ ಹೊರಟಳು. ಮೈಕಿನ ಮುಂದೆ ಕೊರಿನ್ ಒಂದೊಂದೇ ಮಾತು ಕಿತ್ತು ಕೊಡುವಂತೆ ಎಲ್ಲವನ್ನೂ ಹೇಳಿದಳು. ಬಿಳಿಗೂದಲ ಸೆನೆಟರ್ ಒಬ್ಬ ಕಾರ್ಡೆತ್ತಿ ಹಿಡಿದ.

"ಅಂಥವನಿಗೆ ಪ್ರೀತಿಯಿಂದ ಅಂತ ಬರೀತಾರೇನಮ್ಮ?"

"ನಾನು ಬರೀಲಿಲ್ಲ."

"ಮತ್ಯಾರು, ಸಾಂಟಾಕ್ಲಾಸಾ?"

ಸಭೆ ಗೊಳ್ಳೆಂದಿತು. ಕೊರಿನ್ ತಲೆ ತಗ್ಗಿಸಿದಳು. ಅತ್ತೆಯ ಹೆಸರು ಹೇಳಲಿಲ್ಲ... ಕೊನೆಗೂ ಹೇಳಲಿಲ್ಲ!

"ನಾನು ಬರೆದೆ!"

ಹಿಂದಿನ ಸಾಲಿನಲ್ಲಿ ಆರ್ಲೀನ್ ಎದ್ದು ನಿಂತಿದ್ದಳು. ಕಾವಲಿನವರು ಓಡಿಬಂದರು.

"ಮುಟ್ಬೇಡಪ್ಪ, ನಾನೇ ಹೋಗ್ತೀನಿ. ಒಂಬತ್ತೂ ನನ್ನ ಕೈಬರಹ! ಈ ಮಗು ಬೇಡ ಅಂದಿತ್ತು. ಯಾಕಮ್ಮಾ ಅಂತ ಒಂದು ಮಾತು ಕೇಳ್ಲಿಲ್ಲ ನಾನು... ಪಾಪಿ!"

ಆದರೂ ಟಾಲ್ಮೇಜ್ ಎರಡೇ ಮತಗಳಿಂದ ಗೆದ್ದ. ಊರಿಗೆ ಮರಳಿದ ಮೇಲೆ ಅಡುಗೆಮನೆಯಲ್ಲಿ ಆ ಸುದ್ದಿ ಕೇಳಿ ಆರ್ಲೀನ್ ಟಿವಿ ಆರಿಸಿದಳು. ಕುರ್ಚಿ ಎಳೆದುಕೊಂಡು ಸೊಸೆಯ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕುಳಿತಳು.

"ನೀನು ಅವರಿಗೆಲ್ಲ ಹೇಳ್ದೆ. ಅವರು ಮತ ಎಣಿಸೋಕೆ ಕೇಳಿದ್ರು. ನಾನು ನಿನಗೋಸ್ಕರ ಕೇಳ್ತಿದೀನಿ ಮಗಳೇ... ಏನಾಯ್ತು ಆವತ್ತು?"

ಕೊರಿನ್ ಅತ್ತೆಯ ಹೆಗಲಿಗೆ ಹಣೆಯಾನಿಸಿದಳು. ಬಹಳ ಹೊತ್ತು ಅತ್ತಳು. ಆಮೇಲೆ ಮೊದಲಿನಿಂದ ಹೇಳತೊಡಗಿದಳು.